ಲಿನಕ್ಸಿನಾಗ ಕ್ರೋಮ್ ಇದ್ರ ಮೈಲಿಗಿ ಏನಲ್ಲ, ಆದ್ರ…

ವಿಂಡೋಸ್ ತಗದು ಲಿನಕ್ಸ್ ಹಾಕ್ಕೊಂಡ ಮನ್ಯಾಗ ಒಂದು ಮಾತು ಹುಟ್ಟತದ: ‘ಇನ್ನ ಮ್ಯಾಲೆ ಕ್ರೋಮ್ ಬ್ರೌಸರ್ ಮುಟ್ಟಬಾರದು, ಮಡಿ ಕೆಡತದ.’ ನನಗಂತೂ ಈ ಮಡಿ ಒಪ್ಪಿಗಿ ಇಲ್ಲರಿ.

ಲಿನಕ್ಸ್ ಅಂದ್ರ ಮನ್ಯಾಗ ಕುಟ್ಟಿದ ಸಾರಿನ ಪುಡಿ ಇದ್ದಂಗ. ಒಳಗ ಏನೇನು ಬಿದ್ದದ ಅಂತ ಬೇಕಾದವರು ನೋಡಬಹುದು. ಕ್ರೋಮ್ ಅಂಗಡಿ ಪ್ಯಾಕೆಟ್. ಬಹುಪಾಲು ಕ್ರೋಮಿಯಂ ಅನ್ನೋ ಮುಕ್ತ ತಂತ್ರಾಂಶದಿಂದನ ಆಗಿದ್ರೂ, ಗೂಗಲ್‌ನವರು ಮ್ಯಾಲೆ ಬೆರಸಿದ್ದನ್ನ ಎಲ್ಲಾ ತೋರಸೂದಿಲ್ಲ. ಉಬುಂಟು ಭಂಡಾರದಾಗೂ ಅದು ಸಿಗೂದಿಲ್ಲ, ಗೂಗಲ್ ತಾಣದಿಂದನ ಇಳಿಸ್ಕೋಬೇಕು.

ಅವಸರಕ್ಕ ಪ್ಯಾಕೆಟ್ ಪುಡಿ ನಾವೆಲ್ಲಾ ತರ್ತೀವಿ. ಮಕ್ಕಳ ಪರೀಕ್ಷಾದ ತಾಣ ಕ್ರೋಮೇ ಬೇಕು ಅಂದ್ರ ಹಾಕ್ಕೋರಿ. ಆದ್ರ ‘ಲಿನಕ್ಸ್ ಅದ, ನಮ್ಮ ಗುಟ್ಟು ಭದ್ರ’ ಅಂತ ಮಾತ್ರ ತಿಳೀಬ್ಯಾಡರಿ. ಗೂಗಲ್ ಖಾತೆಗೆ ಲಾಗಿನ್ ಆಗಿ ಸಿಂಕ್ ಹಚ್ಚಿದ್ರ, ನೋಡಿದ ಪುಟದ ಪಟ್ಟಿ, ಉಳಿಸಿದ ಪಾಸ್‌ವರ್ಡ್ ಎಲ್ಲಾ ವಿಂಡೋಸಿನಿಂದ ಹೋದಂಗ ಇಲ್ಲಿಂದನೂ ಗೂಗಲ್ ಕಡೆ ಹೋಗ್ತಾವ.

ನನ್ನ ಪದ್ಧತಿ ಹೇಳ್ತೀನಿ. ದಿನದ ಕೆಲಸಕ್ಕ, ಬ್ಯಾಂಕಿಗೆ ಉಬುಂಟು ಜೋಡಿನ ಬರೋ ಫೈರ್‌ಫಾಕ್ಸ್. ನೆಟ್‌ಫ್ಲಿಕ್ಸ್ ಸಿನಿಮಾನೂ ಅದರಾಗ ಓಡತದ. ಸೆಟ್ಟಿಂಗ್ಸಿನಾಗ ಡಿಆರ್‌ಎಂ ಅನ್ನೋದನ್ನ ಚಾಲೂ ಮಾಡಿದ್ರ ಸಾಕು. ಅದರಾಗ ನಡೀಲಾರದ್ದಕ್ಕ ಅಷ್ಟ ಕ್ರೋಮ್, ಅದೂ ಸಿಂಕ್ ಹಚ್ಚದ.

ಗಂಡಸರು ‘ಎಲ್ಲಾ ಹಾಕಿ ಕೊಟ್ಟೀನಿ’ ಅಂದಾಗ, ಪಾಸ್‌ವರ್ಡ್ ಯಾವ ಡಬ್ಬ್ಯಾಗ ಕೂತದ ಅಂತ ನಾವು ಕೇಳಲಿಕ್ಕೇ ಬೇಕು. ಮನಿ ಬೀಗದ ಕೈ ಎಲ್ಲದ ಅನ್ನೋದು ಹೆಣ್ಮಕ್ಕಳಿಗೆ ಗೊತ್ತಿರಬೇಕ್ರಿ.