ಗೇಮ್ ಆಡಲಿಕ್ಕೆ ಬರ್ತದ, ಮಾಡಲಿಕ್ಕೆ ಯಾರು ಕಲಿಸಬೇಕು?



ಹೋದ ಸಂಚಿಕೆಯಲ್ಲಿ ‘ಮೊಬೈಲ್ ಗೇಮಿನಿಂದ ವಿದ್ಯಾರ್ಥಿಗಳು ಹಾಳು’ ಎಂಬ ಲೇಖನ ಬಂದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬರೆದ ಗೆಳೆಯನೇ ಮರುದಿನ ಬಸ್ ಸ್ಟ್ಯಾಂಡಿನ ಕಟ್ಟೆ ಮ್ಯಾಲ ಕುಂತು ಗೇಮ್ ಆಡ್ಲಿಕ್ಕೆ ಹತ್ತಿದ್ದ, ಆ ಮಾತು ಬ್ಯಾರೆ. ಆದರೆ ಒಂದು ಪ್ರಶ್ನೆ ಉಳಿದುಹೋಯಿತು. ಆ ಗೇಮನ್ನು ಯಾರೋ ಮಾಡಿದ್ದಾರಲ್ಲ, ಅವರು ಎಲ್ಲಿ ಕಲಿತರು? ನಮ್ಮ ಔರಾದ್ ತಾಲ್ಲೂಕಿನ ಹುಡುಗ ಅಥವಾ ಹುಡುಗಿ ಆ ಕೆಲಸ ಕಲಿಬೇಕಂದ್ರ ಎಲ್ಲಿಗೆ ಹೋಗಬೇಕು?

ಇದನ್ನು ಬರೆಯಲು ಕಾರಣ ನಮ್ಮ ಕಾಕಾನ ಮಗ. ಅಣ್ಣ ಭಾಳ ಚಂದ ಚಿತ್ರ ಬರೀತಿದ್ದ. ಡ್ರಾಯಿಂಗ್ ಲೋವರ್, ಹೈಯರ್ ಎರಡೂ ಪರೀಕ್ಷೆ ಪಾಸ್ ಆಗಿದ್ದ. ಪಿಯುಸಿ ಮುಗಿದ ಮೇಲೆ ಪ್ಯಾಟಿಯಲ್ಲಿ ಒಂದು ಬೋರ್ಡ್ ನೋಡಿದ. ‘ಅನಿಮೇಷನ್, ಗೇಮಿಂಗ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಅಂತ ಬರೆದಿತ್ತು. ಕಾಕಾ ಎರಡು ಎಕರೆ ಸೋಯಾ ಮಾರಿದ ರೊಕ್ಕ ತುಂಬಿದರು. ವರ್ಷದ ಅರ್ಧ, ಮೂರು ಮಂದಿಗೆ ಒಂದು ಕಂಪ್ಯೂಟರ್. ಇನ್ನರ್ಧದಲ್ಲಿ ಕಲಿಸುವವರೇ ಬಿಟ್ಟು ಹೋದರು. ಕಡೀಕೆ ಫೋಟೋ ಕತ್ತರಿಸಿ ಅಂಟಿಸೋದು ಕಲಿಸಿ, ಬಂಗಾರದ ಅಂಚಿನ ಸರ್ಟಿಫಿಕೇಟ್ ಕೊಟ್ಟರು. ಕಾಕಾ ಅದಕ್ಕ ಕಟ್ಟು ಹಾಕಿಸಿ ದೇವರ ಫೋಟೋದ ಬಾಜೂಕ ತೂಗುಹಾಕ್ಯಾರ.

ಅಣ್ಣ ಹೈದರಾಬಾದಿಗೆ ಸಂದರ್ಶನಕ್ಕೆ ಹೋದ. ಅಲ್ಲಿಯವರು ಸರ್ಟಿಫಿಕೇಟ್ ಬಿಚ್ಚಿ ಕೂಡ ನೋಡಲಿಲ್ಲ. “ನೀ ಮಾಡಿದ್ದು ಏನಾದರೂ ಇದ್ದರೆ ತೋರಿಸು” ಅಂದರು. ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ. ಈಗ ಭಾಲ್ಕಿಯಲ್ಲಿ ಫ್ಲೆಕ್ಸ್ ಬ್ಯಾನರ್, ಮದುವೆ ಆಲ್ಬಮ್ ಮಾಡುತ್ತಾನೆ. ಅದೇನು ಕೀಳು ಕೆಲಸವಲ್ಲ. ಆದರೆ ಅದಕ್ಕೆ ಎರಡು ಎಕರೆ ಸೋಯಾ ಬೇಕಾಗಿರಲಿಲ್ಲ.

ನಾವು ಗೇಮ್ ಅಂದ್ರ ಕಂಪ್ಯೂಟರ್ ಅಂತ ತಿಳಿದಿದ್ದೇವೆ, ತಪ್ಪು ಅಲ್ಲೇ ಆಗುವುದು. ನಮ್ಮ ಬಿದರಿ ಕೆಲಸ ನೆನಪು ಮಾಡಿಕೊಳ್ಳಿರಿ. ಸತು ಮತ್ತು ತಾಮ್ರ ಸೇರಿಸಿ ಎರಕ ಹೊಯ್ಯಬೇಕು, ತಿಕ್ಕಿ ನುಣುಪು ಮಾಡಬೇಕು, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ ಅದರ ಮೇಲೆ ಕೈಯಿಂದಲೇ ಹೂಬಳ್ಳಿ ಬರೆಯಬೇಕು. ಆಮೇಲೆ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂಡಿಸಿ, ಕಡೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ತಿಕ್ಕಿದಾಗಲೇ ಆ ಕರಿ ಬಣ್ಣ ಬರ್ತದ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತದ. ಗೇಮ್ ಕೂಡ ಹಾಗೇ. ಒಬ್ಬರು ಕಥೆ ಕಟ್ಟುತ್ತಾರೆ, ಒಬ್ಬರು ಚಿತ್ರ ಬರೆಯುತ್ತಾರೆ, ಒಬ್ಬರು ಆ ಚಿತ್ರಕ್ಕೆ ಉಬ್ಬು ತಗ್ಗು ಕೊಟ್ಟು ಮೂರ್ತಿ ಮಾಡುತ್ತಾರೆ. ಅದಕ್ಕೆ ಬಣ್ಣ ಹಚ್ಚುವವರು, ನಡೆಸುವವರು, ದನಿ ಕೊಡುವವರು ಬೇರೆ ಬೇರೆ. ಲೆಕ್ಕ ಬಲ್ಲವರು ಪ್ರೋಗ್ರಾಮ್ ಬರೆಯುತ್ತಾರೆ. ಎಲ್ಲಿ ತಪ್ಪಿದೆ ಎಂದು ಆಡಿ ನೋಡಿ ಹೇಳಲಿಕ್ಕೂ ಸಂಬಳದ ಮಂದಿ ಇರ್ತಾರ. (ಹಿಂದಿನ ಬೆಂಚಿನವರು ಇದೊಂದೇ ವಾಕ್ಯ ಓದಿ ಖುಷಿಪಡಬಾರದು. ಒಂದೇ ಬಾಗಿಲನ್ನು ಇನ್ನೂರು ಸಲ ತೆರೆದು ಮುಚ್ಚಿ ವರದಿ ಬರೆಯುವ ಕೆಲಸ ಅದು.)

೨೦೨೩ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಕೆಲಸ ಕಲಿತದ್ದು ತಂದೆಯ ಕೈಕೆಳಗೆ. ಉಸ್ತಾದರ ಎದುರು ಕೂತು, ಮಾಡಿ, ಕೆಡಿಸಿ, ಬೈಸಿಕೊಂಡು ಕಲಿಯುವ ವಿದ್ಯೆ ಇದು. ಅಣ್ಣನಿಗೆ ಸಿಗದೇ ಹೋದದ್ದು ಇದೇ.

ಕರ್ನಾಟಕಕ್ಕೆ ಈ ಉದ್ಯಮ ಹೊಸದೇನಲ್ಲ. ೧೯೯೭ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುಮಾಡಿದರು. ಹೊರದೇಶದ ದೊಡ್ಡ ಗೇಮುಗಳಿಗೆ ಕಾರು ಮುಂತಾದುವನ್ನು ಅಲ್ಲಿಯ ಕಲಾವಿದರು ಮಾಡಿಕೊಟ್ಟರು. ೨೦೧೯ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡಿತು. ನಾವೆಲ್ಲ ನೋಡಿ ಬೆಳೆದ ಛೋಟಾ ಭೀಮ್ ಹುಟ್ಟಿದ್ದು ನಮ್ಮ ಬಾಜೂಕಿನ ಹೈದರಾಬಾದಿನಲ್ಲಿ. ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗಿಗೆಂದೇ ೨೦೧೨ರಲ್ಲಿ ನೀತಿ ತಂದಿತು, ೨೦೨೩ರ ಜನವರಿಯಲ್ಲಿ ದೊಡ್ಡ ತರಬೇತಿ ಕೇಂದ್ರ ತೆರೆಯಿತು, ೨೦೨೪ರಲ್ಲಿ ಮತ್ತೆ ಹೊಸ ನೀತಿ ಪ್ರಕಟಿಸಿತು. ಕೇಂದ್ರ ಎಲ್ಲಿ? ಬೆಂಗಳೂರಿನಲ್ಲಿ. ಬೀದರಿನಿಂದ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ.

ಈಗ ಮುಖ್ಯ ವಿಷಯ. ೨೦೨೬ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ದೇಶದ ೧೫,೦೦೦ ಪ್ರೌಢಶಾಲೆ ಮತ್ತು ೫೦೦ ಕಾಲೇಜುಗಳಲ್ಲಿ ಇಂಥ ಲ್ಯಾಬ್ ಮಾಡುವುದಾಗಿ ಹೇಳಿದ್ದಾರೆ. ಮುಂಬಯಿಯ ಸರ್ಕಾರಿ ಸಂಸ್ಥೆಯೊಂದಕ್ಕೆ ಆ ಹೊಣೆ. ೨೦೩೦ರ ಹೊತ್ತಿಗೆ ಈ ಕೆಲಸಕ್ಕೆ ೨೦ ಲಕ್ಷ ಜನ ಬೇಕಾಗುತ್ತಾರಂತೆ. ನಾನು ಒಂದು ಲೆಕ್ಕ ಮಾಡಿದೆ, ಗಣಿತದ ಸರ್ ತಪ್ಪಿದ್ದರೆ ತಿದ್ದಬೇಕು. ದೇಶದಲ್ಲಿ ಸುಮಾರು ೭೮೦ ಜಿಲ್ಲೆಗಳಿವೆ. ಸಮನಾಗಿ ಹಂಚಿದರೆ ಜಿಲ್ಲೆಗೆ ೧೯ ಶಾಲೆ. ಬೀದರ್ ಜಿಲ್ಲೆಯಲ್ಲಿ ಈಗ ೮ ತಾಲ್ಲೂಕು. ಅಂದರೆ ತಾಲ್ಲೂಕಿಗೆ ಎರಡು ಚಿಲ್ಲರೆ. ಸಮನಾಗಿ ಹಂಚುತ್ತಾರೆಂದು ಯಾರೂ ಹೇಳಿಲ್ಲ. ಕೇಳಿದವರಿಗೆ ಮೊದಲು ಸಿಗ್ತದ, ಕೇಳದವರ ಪಾಲು ಬೀದರ್ ಶಹರಿಗೋ ಇನ್ನೆಲ್ಲಿಗೋ ಹೋಗ್ತದ. ನಮ್ಮ ಕಡೆಯವರು ಕೇಳುವುದರಲ್ಲಿ ಯಾವಾಗಲೂ ಹಿಂದೆ.

ಹಳ್ಳ್ಯಾಗ ಕುಂತು ಇದೆಲ್ಲ ಆಗ್ತದೇನು ಅಂತ ನಮ್ಮ ಮುತ್ಯಾ ಕೇಳಿದರು. ಲಾಟ್ವಿಯಾ ಅಂತ ಒಂದು ದೇಶ ಅದ. ಇಡೀ ದೇಶದ ಜನಸಂಖ್ಯೆ ೨೦ ಲಕ್ಷಕ್ಕೂ ಕಡಿಮೆ. ೨೦೧೧ರ ಜನಗಣತಿಯಲ್ಲಿ ನಮ್ಮ ಬೀದರ್ ಜಿಲ್ಲೆಯೇ ೧೭ ಲಕ್ಷ ಇತ್ತು. ಆ ದೇಶದ ಸಣ್ಣ ತಂಡವೊಂದು ಒಂದು ಬೆಕ್ಕಿನ ಕಥೆಯನ್ನು ‘ಫ್ಲೋ’ ಎಂಬ ಅನಿಮೇಷನ್ ಸಿನಿಮಾ ಮಾಡಿತು. ಅದರಲ್ಲಿ ಒಂದೂ ಮಾತಿಲ್ಲ. ೨೦೨೫ರಲ್ಲಿ ಅದಕ್ಕೆ ಆಸ್ಕರ್ ಬಂತು. ಅದನ್ನು ಮಾಡಿದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ. ಬ್ಲೆಂಡರಿಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಇನ್ನು ನಮ್ಮ ಮನೆಯವರ ಹೆದರಿಕೆ. ಗೇಮ್ ಅಂದ ಕೂಡಲೇ ಅವರಿಗೆ ರಮ್ಮಿ, ಸಾಲ ನೆನಪಾಗುತ್ತವೆ. ಅವರ ತಪ್ಪಲ್ಲ. ಆದರೆ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಕಲಿಕೆಯ ಆಟ, ಮನರಂಜನೆಯ ಆಟಗಳಿಗೆ ಅದೇ ಕಾನೂನು ಉತ್ತೇಜನ ಕೊಡುತ್ತದೆ. ಅವ್ವ ಅಪ್ಪಗೆ ಇದನ್ನು ಬಿಡಿಸಿ ಹೇಳುವುದು ನಮ್ಮ ಕೆಲಸ.

ಆದರೆ ಬರೀ ಒಳ್ಳೆಯದನ್ನೇ ಬರೆದರೆ ನಾನೂ ಆ ಬೋರ್ಡಿನವರ ಹಾಗೇ ಆದೇನು. ೨೦೨೩, ೨೦೨೪ರಲ್ಲಿ ಜಗತ್ತಿನ ದೊಡ್ಡ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಕೆಲಸದಿಂದ ತೆಗೆದವು. ೨೦೨೫ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ಫ್ರಾನ್ಸಿನ ಕಂಪನಿ ಕುಸಿದಾಗ ಬೆಂಗಳೂರು, ಮುಂಬಯಿಯಲ್ಲಿ ಅದರ ಕಲಾವಿದರು ಒಮ್ಮೆಲೇ ಬೀದಿಗೆ ಬಿದ್ದರು. ಈಗ ಚಿತ್ರವನ್ನು ಯಂತ್ರವೇ ಬರೆದು ಕೊಡ್ತದ. ಆದ್ದರಿಂದ ಒಂದೇ ಗುಂಡಿ ಒತ್ತಲು ಕಲಿಸುವ ತರಬೇತಿ ನಮಗೆ ಬ್ಯಾಡ, ಅಂಥವರನ್ನೇ ಮೊದಲು ತೆಗೀತಾರ. ಕೈಯಿಂದ ಚಿತ್ರ ಬರೆಯಲು, ಕಥೆ ಕಟ್ಟಲು ಬರುವವನು ಈ ಕೆಲಸ ಹೋದರೂ ಇನ್ನೊಂದು ಹಿಡಿದಾನು.

ಅದಕ್ಕೇ ನನ್ನ ಅಭಿಪ್ರಾಯ ಏನೆಂದರೆ ತರಬೇತಿ ಶುರುವಾಗಬೇಕಾದ್ದು ಕಂಪ್ಯೂಟರ್ ಕೋಣೆಯಿಂದಲ್ಲ, ಚಿತ್ರಕಲಾ ತಾಸಿನಿಂದ. ನಮ್ಮ ಸಾಲ್ಯಾಗ ಚಿತ್ರಕಲಾ ಸರ್ ವರ್ಗವಾಗಿ ಹೋದ ಮೇಲೆ ಆ ಜಾಗ ಖಾಲಿ ಇದೆ, ಆ ತಾಸಿನಲ್ಲಿ ಗಣಿತ ನಡೆಯುತ್ತದೆ. (ಗಣಿತದ ಸರ್ ಕ್ಷಮಿಸಬೇಕು.) ೩೭೧-ಜೆ ಬಂದ ಮೇಲೆ ಕಾಲೇಜುಗಳಲ್ಲಿ ನಮ್ಮ ಭಾಗದವರಿಗೆ ಸೀಟು ಮೀಸಲಾಯಿತು, ಖರೇ. ಆದರೆ ಹತ್ತನೇ ತರಗತಿವರೆಗೆ ಪೆನ್ಸಿಲ್ ಹಿಡಿಯದವನಿಗೆ ಆ ಸೀಟು ಕೊಟ್ಟರೂ ಏನು ಮಾಡ್ಯಾನು? ಇನ್ನೊಂದು ಮಾತು. ಔರಾದ್, ಭಾಲ್ಕಿ ಕಡೆಯ ನಮಗೆ ಕನ್ನಡದ ಜೊತೆ ಮರಾಠಿ ಬರ್ತದ, ಉರ್ದು ಬರ್ತದ, ಗಡಿಯವರಿಗೆ ತೆಲುಗೂ ಬರ್ತದ. ಪೇಪರಿನಲ್ಲಿ ಅಂಕ ಕಡಿಮೆ ಬರಲು ಇದೇ ಕಾರಣ ಅಂತ ನಮ್ಮನ್ನು ಬೈತಾರ. ಒಂದೇ ಗೇಮನ್ನು, ಒಂದೇ ಕಾರ್ಟೂನನ್ನು ನಾಲ್ಕು ಭಾಷೆಯಲ್ಲಿ ಮಾಡುವ ಜಾಗದಲ್ಲಿ ಇದು ಬಂಡವಾಳ.

ನಮ್ಮ ಸಾಲಿಯ ಕಂಪ್ಯೂಟರ್ ಕೋಣೆಗೆ ಕೀಲಿ ಹಾಕಿ ಒಂದು ವರ್ಷ ಆಯಿತು. ಒಳಗೆ ನಾಲ್ಕು ಕಂಪ್ಯೂಟರ್ ಅವ, ಎರಡು ನಡೀತಾವ ಅಂತ ಜವಾನ ಕಾಕಾ ಹೇಳಿದರು. ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಒಂದು ತಾಸು ಕೀಲಿ ತೆಗೆದರೆ ಅಣ್ಣ ಭಾಲ್ಕಿಯಿಂದ ಬಂದು ತನಗೆ ಗೊತ್ತಿದ್ದಷ್ಟು ಹೇಳಿಕೊಡ್ತೀನಿ ಅಂದಾನ. ಫೀಸು ಇಲ್ಲ, ಬಸ್ ಚಾರ್ಜ್ ಕೊಟ್ಟರೆ ಸಾಕು. ಎಲ್ಲರಿಗಿಂತ ಮೊದಲು ಅವನೇ ಬ್ಲೆಂಡರ್ ಕಲೀಬೇಕಂತ ಹಟ ಹಿಡಿದು ಕೂತಾನ.

ಮುಖ್ಯ ಗುರುಗಳಿಗೆ ಎರಡು ಅರ್ಜಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ಒಂದು ಕೀಲಿಗಾಗಿ. ಇನ್ನೊಂದು, ಆ ಹೊಸ ಲ್ಯಾಬ್ ನಮ್ಮ ಸಾಲಿಗೆ ಬರಬೇಕೆಂದು ಬಿಇಓ ಸಾಹೇಬರಿಗೆ ಕಳಿಸಲು. ಎರಡಕ್ಕೂ ಸಹಿ ಮಾಡಿರಿ. ಎಂಟನೇ ತರಗತಿಯವರೂ ಮಾಡಬಹುದು. ಹೋದ ಸಂಚಿಕೆಯ ಲೇಖಕ ಆಗಲೇ ಮಾಡ್ಯಾನ.