ನನ್ನ ಎಲೆ ನನಗೇ ಕಾಣದು!

ಇಸ್ಪೀಟಿನ ಎಲೆಗಳನ್ನು ಎದೆಗೆ ಅವುಚಿ ಹಿಡಿದು ಆಡುತ್ತಾ ಬೆಳೆದವನು ನಾನು. ‘ಹನಾಬಿ’ಯಲ್ಲಿ ಎಲ್ಲವೂ ತಿರುವುಮುರುವು. ಎಲೆಗಳ ಬೆನ್ನು ನನಗೆ, ಮುಖ ಎದುರಿನವರಿಗೆ!

ಹನಾಬಿ ಎಂದರೆ ಜಪಾನಿ ಭಾಷೆಯಲ್ಲಿ ಬಾಣಬಿರುಸು. ಫ್ರಾನ್ಸಿನ ಆಂತ್ವಾನ್ ಬೋಝಾ ರೂಪಿಸಿದ ಈ ಆಟಕ್ಕೆ 2013ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಬಂತು. ಐದು ಬಣ್ಣ, 50 ಎಲೆ. ಪ್ರತಿ ಬಣ್ಣದಲ್ಲೂ ಒಂದರಿಂದ ಐದರವರೆಗೆ ಸಾಲಾಗಿ ಜೋಡಿಸಬೇಕು. ಇಲ್ಲಿ ಎದುರಾಳಿಯೇ ಇಲ್ಲ, ಎಲ್ಲರೂ ಒಂದೇ ಪಕ್ಷ. ಸುಳಿವು ಕೊಡಬಹುದು, ಆದರೆ ಬಣ್ಣ ಇಲ್ಲವೇ ಅಂಕಿ ಮಾತ್ರ. ಒಂದು ಸುಳಿವಿಗೆ ಒಂದು ಬಿಲ್ಲೆ ಖರ್ಚು, ಇರುವುದೇ ಎಂಟು.

ಮೊನ್ನೆ ಮೊಮ್ಮಗಳು ಸುಳಿವು ಮರೆತು ತಪ್ಪು ಎಲೆ ಇಳಿಸಿದಳು. “ಈಗ ತಾನೇ ಹೇಳಿದೆನಲ್ಲ!” ಎಂದು ಗದರಿದೆ. ಅವಳ ಮುಖ ಚಿಕ್ಕದಾಯಿತು.

ಸ್ವಲ್ಪ ಹೊತ್ತಿಗೆ ಬಿಲ್ಲೆಗಳು ಖಾಲಿ. ಎಲೆಯೊಂದನ್ನು ಬಿಸಾಡಿದರೆ ಒಂದು ಬಿಲ್ಲೆ ಮರಳಿ ಸಿಗುತ್ತದೆ. ಬಿಸಾಡಿದೆ. ನೋಡಿದರೆ ಬಿಳಿ ಐದು! ಅವಳು ಮೊದಲೇ ‘ಐದು’ ಎಂದು ತೋರಿಸಿದ್ದ ಎಲೆ. ಒಂದು ಬಣ್ಣಕ್ಕೆ ಐದು ಇರುವುದು ಒಂದೇ. ಪೂರ್ತಿ 25 ಅಂಕದ ಆಸೆ ಅಲ್ಲಿಗೆ ಮುಗಿಯಿತು.

ಬೈಗುಳಕ್ಕೆ ಸಿದ್ಧನಾಗಿ ಕೂತೆ.

“ಹೋಗ್ಲಿ ಬಿಡಿ ತಾತಾ, ಇನ್ನೂ ನಾಲ್ಕು ಬಣ್ಣ ಇದೆಯಲ್ಲ” ಎಂದಳು.

ಕೊನೆಗೆ 19 ಅಂಕ ಬಂತು. ಮುಂದಿನ ಆಟಕ್ಕೆ ಎಲೆ ಹಂಚುವ ಮೊದಲು ಹೇಳಿದೆ: “ಆಗ ಗದರಿದ್ದು ತಪ್ಪಾಯ್ತು, ಪುಟ್ಟಿ.”