ನಮ್ಮ ಕೂರಿಗೆಯನ್ನು ನಾವೇ ಬಿಡಿಸಬೇಕು

ಊರಲ್ಲಿ ತೂಗುಬಿದ್ದಿರುವ ಯಾವುದಾದರೂ ಫ್ಲೆಕ್ಸ್ ನೋಡಿ. ಜಾತ್ರೆಯದಿರಲಿ, ಮದುವೆಯದಿರಲಿ, ರೈತರ ಸಭೆಯದಿರಲಿ, ಮುಖಗಳು ಮಾತ್ರ ನಮ್ಮವು. ಉಳಿದ ಚಿತ್ರವೆಲ್ಲ ಎಲ್ಲಿಂದಲೋ ಬಂದದ್ದು. ರೈತರ ಸಭೆಯ ಫ್ಲೆಕ್ಸಿನಲ್ಲಿ ನಗುತ್ತ ನಿಂತಿರುವ ರೈತನ ತಲೆಯ ಮೇಲೆ ಪಂಜಾಬಿನ ಪಗಡಿ, ಬೆನ್ನ ಹಿಂದೆ ಕಣ್ಣು ಹಾಯುವಷ್ಟೂ ಗೋಧಿ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಕುಡತಿನಿ, ಕುರುಗೋಡಿನ ಎರೆಹೊಲದವರು, ಕಾಲುವೆ ನೀರಲ್ಲಿ ನೆಲ್ಲು ಬೆಳೆಯುವ ಸಿರುಗುಪ್ಪದವರು ಆ ಗೋಧಿಯ ಕೆಳಗೇ ಕುರ್ಚಿ ಹಾಕಿಕೊಂಡು ಭಾಷಣ ಕೇಳುತ್ತಾರೆ.

ಇದಕ್ಕೆ ಡಿಟಿಪಿ ಅಂಗಡಿಯ ಹುಡುಗರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರ ಕಂಪ್ಯೂಟರಿನಲ್ಲಿರುವುದು ಯಾರೋ ಎಲ್ಲೋ ಮಾಡಿದ ರೆಡಿಮೇಡ್ ಡಿಸೈನುಗಳ ರಾಶಿ. ಗಿರಾಕಿ ಸಂಜೆ ಆರಕ್ಕೆ ಬಂದು ರಾತ್ರಿಯೊಳಗೆ ಕೊಡು ಅನ್ನುತ್ತಾನೆ, ದುಡ್ಡು ಚದರ ಅಡಿ ಲೆಕ್ಕ. ಚಿತ್ರ ಹೊಲದ್ದಾದರೂ ಒಂದೇ, ಹಿಮಾಲಯದ್ದಾದರೂ ಒಂದೇ ರೇಟು. ಹಾಗಾಗಿ ಕತ್ತರಿಸು, ಅಂಟಿಸು, ಹೆಸರು ಬದಲಿಸು.

ಈಗ ಆ ಕೆಲಸವನ್ನು ಫೋನಿನ ಆ್ಯಪ್‌ಗಳೇ ಮಾಡುತ್ತಿವೆ. ಹುಟ್ಟುಹಬ್ಬದ ಪೋಸ್ಟರನ್ನು ಗೆಳೆಯರೇ ಬಸ್ಸಿನಲ್ಲಿ ಕೂತು ಮಾಡಿ ಸ್ಟೇಟಸ್‌ಗೆ ಹಾಕುತ್ತಾರೆ. ಬರೀ ಅಂಟಿಸುವ ಕೆಲಸ ನಂಬಿಕೊಂಡ ಅಂಗಡಿಗೆ ಇನ್ನು ಹೆಚ್ಚು ವರ್ಷವಿಲ್ಲ. ಅದಕ್ಕೇ ನಮ್ಮ ಭಾಗದ ಡಿಟಿಪಿ ಹುಡುಗ ಹುಡುಗಿಯರಿಗೆ, ನಮ್ಮಂತೆ ಹಳ್ಳಿಯಿಂದ ಸುದ್ದಿ ಬರೆಯುವವರಿಗೆ ನಾವು ಹೇಳುವುದು ಇಷ್ಟೇ: ಬಿಡಿಸುವುದನ್ನು ಕಲಿಯಿರಿ. ಗ್ರಾಫಿಕ್ಸ್ ಸಾಫ್ಟ್‌ವೇರಿನ ಎಡಗಡೆ ಸಾಲಿನಲ್ಲಿ ಯಾರೂ ಮುಟ್ಟದೆ ಬಿಟ್ಟಿರುವ ಪೆನ್ ಟೂಲನ್ನು ಕೈಗೆ ತೆಗೆದುಕೊಳ್ಳಿ.

ಪೆನ್ ಟೂಲ್ ಅಂದರೆ ಹೆದರುವಂಥದ್ದೇನಲ್ಲ. ಮನೆ ಮುಂದೆ ಚುಕ್ಕಿ ರಂಗೋಲಿ ಹಾಕುವವರಿಗೆ ಅದರ ಅರ್ಧ ಆಗಲೇ ಗೊತ್ತು. ಮೊದಲು ಚುಕ್ಕಿ, ಆಮೇಲೆ ಎಳೆ. ಕೋರಲ್ ಡ್ರಾ, ಇಲಸ್ಟ್ರೇಟರ್ ಎಲ್ಲದರಲ್ಲೂ ಇದೆ. ದುಡ್ಡಿಲ್ಲದವರು ಇಂಕ್‌ಸ್ಕೇಪ್ ಹಾಕಿಕೊಳ್ಳಬಹುದು. 2003ರಲ್ಲಿ ಶುರುವಾದ ಈ ಸಾಫ್ಟ್‌ವೇರ್ ಪೂರ್ತಿ ಉಚಿತ, ಕಳ್ಳ ಕಾಪಿಯ ಭಯವಿಲ್ಲ. ಅದರಲ್ಲಿ ಕೀಬೋರ್ಡಿನ 'ಬಿ' ಅಕ್ಷರ ಒತ್ತಿದರೆ ಪೆನ್ ಬರುತ್ತದೆ. ಒಂದು ಕಡೆ ಕ್ಲಿಕ್ ಮಾಡಿ, ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ನೇರ ಗೆರೆ. ಕ್ಲಿಕ್ ಮಾಡಿ ಬಿಡದೆ ಎಳೆದರೆ ಚುಕ್ಕಿಯ ಎರಡೂ ಬದಿಗೆ ಮೀಸೆಯಂತೆ ಎರಡು ಹಿಡಿಗಳು ಹೊರಡುತ್ತವೆ, ಗೆರೆ ಬಾಗುತ್ತದೆ. ಹಿಡಿಯನ್ನು ಉದ್ದ ಎಳೆದಷ್ಟೂ ಬಾಗು ಜಾಸ್ತಿ. ಕೊನೆಗೆ ಮೊದಲ ಚುಕ್ಕಿಯ ಮೇಲೇ ಬಂದು ಕ್ಲಿಕ್ ಮಾಡಿದರೆ ಆಕಾರ ಮುಚ್ಚಿಕೊಳ್ಳುತ್ತದೆ, ಬಣ್ಣ ತುಂಬಬಹುದು. ತಪ್ಪಿದ ಚುಕ್ಕಿಯನ್ನು 'ಎನ್' ಒತ್ತಿ ಹಿಡಿದು ಸರಿಸಬಹುದು.

ಈ ಬಾಗುಗೆರೆಗೆ ಬೆಜಿಯರ್ ಅಂತ ಹೆಸರು. ಪಿಯರ್ ಬೆಜಿಯರ್ ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್. ಕಾರಿನ ಮೈಯ ಉಬ್ಬು ತಗ್ಗುಗಳನ್ನು ಲೆಕ್ಕಕ್ಕೆ ತರಲು 1960ರ ದಶಕದಲ್ಲಿ ಅವರು ಬಳಸಿದ ಗಣಿತ ಇದು. ಅಲ್ಲಿಯದೇ ಇನ್ನೊಂದು ಕಾರು ಕಂಪನಿ ಸಿತ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೋ ಅವರಿಗಿಂತ ಮೊದಲೇ ಇದನ್ನು ಕಂಡುಕೊಂಡಿದ್ದರು, ಹೆಸರು ಮಾತ್ರ ಬೆಜಿಯರ್‌ದಾಯಿತು.

ಇನ್ನು ಕನ್ನಡ ಅಕ್ಷರಕ್ಕೆ ಬನ್ನಿ. ನಮ್ಮ ಲಿಪಿಯೇ ಬಾಗುಗಳದು. ತಲೆಕಟ್ಟು ಬಿಟ್ಟರೆ ನೇರ ಗೆರೆ ಹುಡುಕಬೇಕು. ಫ್ಲೆಕ್ಸ್ ಬರುವ ಮುಂಚೆ ಬ್ರಷ್ ಹಿಡಿದು ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಶಾಲೆ ಗೋಡೆ ಬರೆಯುತ್ತಿದ್ದ ಆರ್ಟಿಸ್ಟುಗಳಿಗೆ 'ಅ'ದ ಹೊಟ್ಟೆ ಎಲ್ಲಿ ಉಬ್ಬಬೇಕು, 'ಳ'ದ ಬಾಲ ಎಲ್ಲಿ ಸಣ್ಣಗಾಗಬೇಕು ಅನ್ನುವುದು ಕೈಗೆ ಗೊತ್ತಿತ್ತು. ಫ್ಲೆಕ್ಸ್ ಅವರ ಹೊಟ್ಟೆ ಮೇಲೆ ಹೊಡೆಯಿತು. ಅವರಲ್ಲಿ ಕೆಲವರು ಇನ್ನೂ ಊರಲ್ಲೇ ಇದ್ದಾರೆ. ಪೆನ್ ಟೂಲ್ ಕಲಿಯುವವರಿಗೆ ಯೂಟ್ಯೂಬಿನ ಇಂಗ್ಲಿಷ್ ಗುರುಗಳಿಗಿಂತ ಅವರೇ ಒಳ್ಳೆಯ ಮೇಷ್ಟ್ರು ಅನ್ನುವುದು ನಮ್ಮ ಅಭಿಪ್ರಾಯ. ಮೌಸ್ ಹಿಡಿಯುವುದು ನೀವು ಅವರಿಗೆ ಹೇಳಿಕೊಡಿ, ಬಾಗು ಎಲ್ಲಿಂದ ತಿರುಗುತ್ತದೆ ಅನ್ನುವುದನ್ನು ಅವರು ನಿಮಗೆ ತೋರಿಸಲಿ.

ಅಕ್ಷರದ ವಿಷಯದಲ್ಲಿ ಒಂದು ಕೆಲಸದ ಮಾತು. ಇಲ್ಲಿ ಚೆನ್ನಾಗಿ ಕಂಡ ಕನ್ನಡ ಬಳ್ಳಾರಿಯ ಪ್ರೆಸ್ಸಿನಲ್ಲಿ ಒತ್ತಕ್ಷರ ಮುರಿದುಕೊಂಡು ಬರುವುದು ನಿಮಗೂ ಗೊತ್ತು. ಅಲ್ಲಿ ಆ ಫಾಂಟ್ ಇರುವುದಿಲ್ಲ, ಇಲ್ಲವೇ ನುಡಿಗೂ ಯೂನಿಕೋಡ್‌ಗೂ ಜಗಳ. ಫೈಲ್ ಕಳಿಸುವ ಮುನ್ನ ಬರಹವನ್ನು 'ಆಬ್ಜೆಕ್ಟ್ ಟು ಪಾತ್' ಮಾಡಿ. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಪೆನ್ನಿನಲ್ಲಿ ಬಿಡಿಸಿದ ಆಕಾರವಾಗುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಮುರಿಯದು. ಒಂದು ಕಾಪಿ ಹಾಗೇ ಇಟ್ಟುಕೊಳ್ಳಿ, ಪಾತ್ ಆದ ಮೇಲೆ ಹೆಸರಿನ ತಪ್ಪು ತಿದ್ದಲಾಗದು.

ಆದರೆ ನಮ್ಮ ಮುಖ್ಯ ಮಾತು ಅಕ್ಷರದ್ದಲ್ಲ, ಚಿತ್ರದ್ದು. ಕೂರಿಗೆಯನ್ನೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಒಂದಿಷ್ಟು ಮಸುಕು ಫೋಟೊಗಳು ಸಿಗುತ್ತವೆ, ಕತ್ತರಿಸಲು ಹೋದರೆ ಎತ್ತಿನ ಕಾಲೂ ಜೊತೆಗೇ ಬರುತ್ತದೆ. ನಮಗೆ ಪರಿಚಯದ ಒಬ್ಬ ಡಿಟಿಪಿ ಹುಡುಗ ಬಿತ್ತನೆ ಹಬ್ಬದ ಪೋಸ್ಟರಿಗೆ ತಾನೇ ಬಿಡಿಸಲು ಕೂತ. ದಿಂಡು ಬಿಡಿಸಿದ, ಮೂರು ತಾಳು ಬಿಡಿಸಿದ, ಮೇಲೆ ಬಟ್ಟಲು ಇಟ್ಟ. ಫೋನಿನಲ್ಲಿ ಮನೆಯ ತಾತನಿಗೆ ತೋರಿಸಿದ. ತಾತ ಕನ್ನಡಕ ಏರಿಸಿ ನೋಡಿ, "ಬಟ್ಟಲು ಅಷ್ಟು ಮ್ಯಾಲಿಟ್ಟೀಯಲ್ಲಪ್ಪ, ಬೀಜ ಬಿಡೋಕೆ ಏಣಿ ತರ್ತೀಯೇನು?" ಅಂದರಂತೆ. ಆಮೇಲೆ ಕೂತು, ಬಿದಿರು ಕೊಳವೆ ಎಷ್ಟುದ್ದ, ಈಸು ಎಲ್ಲಿ ಸೇರುತ್ತದೆ, ನೊಗಕ್ಕೆ ಮಿಣಿ ಹೇಗೆ ಸುತ್ತುತ್ತಾರೆ ಎಂದೆಲ್ಲ ಹೇಳಿದರು. ಫೋಟೊ ತೆಗೆದಿದ್ದರೆ ಈ ಒಂದು ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ಕ್ಯಾಮೆರಾ ಗೊತ್ತಿಲ್ಲದ್ದನ್ನೂ ಹಿಡಿದುಬಿಡುತ್ತದೆ. ಬಿಡಿಸುವವನು ಮಾತ್ರ ಪ್ರತಿ ಚುಕ್ಕಿಗೂ ಇದು ಇಲ್ಲಿಯೇ ಏಕೆ ಅಂತ ಕೇಳಿಕೊಳ್ಳಬೇಕು. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ವರದಿಗಾರಿಕೆ ಅಂತ ಕಲಿಸಿದ್ದೂ ಇದನ್ನೇ.

ಎಐಗೆ ಹೇಳಿದರೆ ಕ್ಷಣದಲ್ಲಿ ಬಿಡಿಸಿ ಕೊಡುತ್ತದಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಎಐ ತಾನು ಕಂಡ ಚಿತ್ರಗಳನ್ನು ಕಲಸಿ ಕೊಡುತ್ತದೆ. ನಮ್ಮ ವಸ್ತುಗಳ ಚಿತ್ರ ಅದು ಕಂಡಿದ್ದೇ ಕಡಿಮೆ. ನಾವು ಕೂರಿಗೆ ಕೇಳಿ ನೋಡಿದೆವು, ಅರ್ಧ ನೇಗಿಲು ಅರ್ಧ ಟ್ರಾಕ್ಟರಿನ ಒಂದು ಪ್ರಾಣಿ ಬಂತು. ಕನ್ನಡ ಅಕ್ಷರವಂತೂ ಎಷ್ಟೋ ಸಲ ಜಿಲೇಬಿ. ಮುಂದೆ ಸುಧಾರಿಸಬಹುದು, ಸುಧಾರಿಸಲಿ. ಆದರೆ ಅದು ಕಲಿಯಬೇಕಾದರೂ ಯಾರಾದರೂ ಮೊದಲು ಸರಿಯಾದ ಕೂರಿಗೆ ಬಿಡಿಸಿಟ್ಟಿರಬೇಕಲ್ಲ?

ನಮ್ಮ ಜಿಲ್ಲೆಯಲ್ಲಿ ಗೆರೆ ಹಾಕುವುದು ಹೊಸದೂ ಅಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಹಿರೇಗುಡ್ಡದ ಕರಿಬಂಡೆಗಳ ಮೇಲೆ ನವಶಿಲಾಯುಗದ ಜನ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಎತ್ತುಗಳಿವೆ. ಉದ್ದ ಕೊಂಬು, ಎದ್ದ ಹಿಣಿಲು, ಕೆಲವೇ ಗೆರೆ. ಪೆನ್ ಟೂಲ್ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಹದಿನೈದು ಚುಕ್ಕಿಯಲ್ಲಿ ಒಂದು ಎತ್ತು ಮುಗಿಯಬೇಕು ಅಂತ ಕಟ್ಟು ಹಾಕಿಕೊಂಡು ನೋಡಿ. ಹೋದವರು ಫೋಟೊ ಚೆನ್ನಾಗಿ ಬರಲೆಂದು ಬಂಡೆಯ ಮೇಲೆ ಚಾಕ್‌ಪೀಸಿನಿಂದ ತಿದ್ದಬೇಡಿ, ಅದು ಚಿತ್ರಕ್ಕೆ ಮಾಡುವ ಗಾಯ. ಬರೀ ಫೋಟೊ ತನ್ನಿ, ತಿದ್ದುವುದು ಮನೆಯಲ್ಲಿ.

ಕುಡತಿನಿಯವರಿಗೆ ಅಷ್ಟು ದೂರವೂ ಬೇಡ. ಊರ ಸಮೀಪದ ಬೂದಿಗುಡ್ಡ ಇದೆ. ರಾಕ್ಷಸರನ್ನು ಸುಟ್ಟ ಬೂದಿ ಅಂತ ಹಿಂದಿನವರು ಹೇಳುತ್ತಿದ್ದರು. ಸಾವಿರಾರು ವರ್ಷ ಹಿಂದಿನ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಸುಟ್ಟದ್ದು ಎಂದು ಪುರಾತತ್ವದವರು ಹೇಳುತ್ತಾರೆ. ಈ ಕಡೆ 1,700 ಮೆಗಾವಾಟ್‌ನ ಬಿಟಿಪಿಎಸ್ ಸ್ಥಾವರದ ಹಾರುಬೂದಿ, ಆ ಕಡೆ ಹಳೇ ಬೂದಿ. ಇವೆರಡನ್ನೂ ಒಂದೇ ಚಿತ್ರದಲ್ಲಿ ತಂದ ಪೋಸ್ಟರನ್ನು ನಾವು ಈವರೆಗೆ ಕಂಡಿಲ್ಲ. ನಮ್ಮ ಊರನ್ನು ನಾವೇ ಬಿಡಿಸಿದ್ದರೆ ಅದು ಮೊದಲೇ ಬರಬೇಕಿತ್ತು.

ಚಿತ್ರಕ್ಕಿಂತ ನಕ್ಷೆಯ ಅಗತ್ಯ ಇನ್ನೂ ಹೆಚ್ಚು. ಕುಡತಿನಿ, ವೇಣಿವೀರಾಪುರ, ಹರಗಿನಡೋಣಿ ಸುತ್ತ ಕಾರ್ಖಾನೆಗಳಿಗೆಂದು ಜಮೀನು ಬಿಟ್ಟುಕೊಟ್ಟ ರೈತರು ಪರಿಹಾರ, ಉದ್ಯೋಗ ಕೇಳಿ 2022ರ ಡಿಸೆಂಬರ್‌ನಲ್ಲಿ ಧರಣಿಗೆ ಕೂತರು. ಈ ಬಗ್ಗೆ ನಾವು ನೋಡಿದ ಸುದ್ದಿಗಳಲ್ಲೆಲ್ಲ ಟೆಂಟಿನ ಫೋಟೊ, ಮೈಕ್ ಹಿಡಿದವರ ಫೋಟೊ. ಯಾವ ಸರ್ವೆ ನಂಬರು ಹೋಗಿದೆ, ಊರಿಗೂ ಅದಕ್ಕೂ ಮಧ್ಯೆ ದಾರಿ ಎಲ್ಲಿ, ಹಳ್ಳ ಎಲ್ಲಿ ಅನ್ನುವುದು ಬೇರೆ ಊರಿನ ಓದುಗರಿಗೆ ಫೋಟೊದಿಂದ ತಿಳಿಯದು. ಎಕರೆ ಲೆಕ್ಕ ಹೇಳಿದರೂ ಕಣ್ಣಿಗೆ ಕಟ್ಟದು. ಒಂದು ಸಣ್ಣ ನಕ್ಷೆ ಇದ್ದರೆ ಹತ್ತು ಸಾಲು ಉಳಿಯುತ್ತದೆ.

ಅದನ್ನು ಮಾಡುವುದು ಎತ್ತು ಬಿಡಿಸುವುದಕ್ಕಿಂತ ಸುಲಭ, ಬಾಗೇ ಇಲ್ಲ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಗ್ರಾಮ ನಕ್ಷೆಗಳು ಪಿಡಿಎಫ್ ಆಗಿ ಸಿಗುತ್ತವೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಕ್ಷೆಯನ್ನು ಇಂಕ್‌ಸ್ಕೇಪಿಗೆ ತಂದು ಕೆಳಗಿನ ಪದರದಲ್ಲಿಟ್ಟು ಬೀಗ ಹಾಕಿ. ಮೇಲಿನ ಪದರದಲ್ಲಿ ಪ್ರತಿ ಸರ್ವೆ ನಂಬರಿನ ಮೂಲೆ ಮೂಲೆಗೆ ಕ್ಲಿಕ್ ಮಾಡುತ್ತ ಸುತ್ತಿ ಬನ್ನಿ. ರಸ್ತೆಗೆ ಒಂದು ಪದರ, ಹಳ್ಳಕ್ಕೆ ಒಂದು, ಹೋದ ಜಮೀನಿಗೆ ಒಂದು. ಬೇಕಾದ್ದನ್ನು ತೋರಿಸಿ, ಬೇಡದ್ದನ್ನು ಮರೆಮಾಡಬಹುದು. ಇದು ಕೋರ್ಟಿಗೆ, ಕಚೇರಿಗೆ ನಡೆಯುವ ದಾಖಲೆಯಲ್ಲ ಎಂದು ನಕ್ಷೆಯ ಮೇಲೇ ಬರೆಯಿರಿ, ಅಲ್ಲಿಗೆ ಸರ್ವೆಯರ್ ಸ್ಕೆಚ್ಚೇ ಬೇಕು. ಆದರೆ ಊರ ಕಟ್ಟೆಯ ಮೇಲೆ ಕೂತವರೆಲ್ಲ ಒಂದೇ ಚಿತ್ರ ನೋಡುತ್ತ ಮಾತಾಡುವುದಕ್ಕೆ ಸಾಕು.

ಕಲಿಯುವವರು ಒಂದು ಅಡ್ಡದಾರಿ ಹಿಡಿಯುತ್ತಾರೆ. 'ಟ್ರೇಸ್ ಬಿಟ್‌ಮ್ಯಾಪ್' ಅನ್ನುವ ಗುಂಡಿ ಒತ್ತಿದರೆ ಸಾಫ್ಟ್‌ವೇರೇ ಫೋಟೊವನ್ನು ಗೆರೆಗೆ ತಿರುಗಿಸುತ್ತದೆ. ಸೀಲು, ಸಹಿ, ಕಪ್ಪು ಬಿಳುಪು ಲೋಗೋಗೆ ಪರವಾಗಿಲ್ಲ. ಹೊಲದ ಫೋಟೊಗೆ ಹಾಕಿದರೆ ಸಾವಿರಾರು ಚುಕ್ಕಿ ಬಂದು ಕಂಪ್ಯೂಟರ್ ಉಸಿರು ಬಿಡುತ್ತದೆ, ತಿದ್ದಲಂತೂ ಆಗದು. ಕೈಯಿಂದ ಬಿಡಿಸಿದ ಕೂರಿಗೆಯ ಫೈಲ್ ಒಂದು ಫೋಟೊದ ಮುಂದೆ ಹಿಡಿಯಷ್ಟೂ ಅಲ್ಲ. ಅಂಚೆಚೀಟಿಯಷ್ಟು ಮಾಡಿ, ಗೋಡೆಯಷ್ಟು ಮಾಡಿ, ಅಂಚು ಒಡೆಯದು. ಫ್ಲೆಕ್ಸಿಗೇ ಹಾಕಬೇಕೆಂದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸನ್ನು ನಮ್ಮ ಸರ್ಕಾರ 2016ರಲ್ಲೇ ನಿಷೇಧಿಸಿದೆ (ನಿಷೇಧದ ಜಾಗೃತಿಯೂ ಫ್ಲೆಕ್ಸಿನಲ್ಲೇ ಬಂದರೆ ಆಶ್ಚರ್ಯಪಡಬೇಡಿ). ಅದೇ ಫೈಲಿನಿಂದ ಬಟ್ಟೆಯ ಬ್ಯಾನರ್ ಆಗುತ್ತದೆ, ಗೋಡೆಗೆ ಒತ್ತುವ ಅಚ್ಚಿನ ಹಾಳೆಯೂ ಆಗುತ್ತದೆ.

ಕಂಪ್ಯೂಟರ್ ಇಲ್ಲದೆ ಫೋನಿನಲ್ಲೇ ಇದನ್ನು ಓದುತ್ತಿರುವವರೇ ಹೆಚ್ಚು ಅಂತ ನಮಗೆ ಗೊತ್ತು. ಐಬಿಸ್ ಪೇಂಟ್, ಸ್ಕೆಚ್‌ಬುಕ್‌ನಂಥ ಆ್ಯಪ್‌ಗಳಲ್ಲಿ ಫೋಟೊವನ್ನು ಕೆಳಪದರಕ್ಕೆ ಹಾಕಿ ತೆಳುವಾಗಿಸಿ, ಮೇಲೆ ಹೊಸ ಪದರ ತೆಗೆದು ಬೆರಳಿನಿಂದ ಗೆರೆ ಎಳೆಯಿರಿ. ಕೈ ನಡುಕ ಕಳೆಯುವ ಸೌಲಭ್ಯವೂ ಇದೆ. ಅದನ್ನು ದೊಡ್ಡದು ಮಾಡಿದರೆ ಒಡೆಯುತ್ತದೆ ನಿಜ, ಆದರೆ ಕಣ್ಣು ಪಳಗುತ್ತದೆ. ಆಮೇಲೆ ವಾರಕ್ಕೊಂದು ಗಂಟೆ ಯಾವುದಾದರೂ ಅಂಗಡಿಯ ಕಂಪ್ಯೂಟರ್ ಸಿಕ್ಕರೂ ಕೆಲಸ ಮುಂದೆ ಹೋಗುತ್ತದೆ.

ಕೊನೆಗೆ ದುಡ್ಡಿನ ಪ್ರಶ್ನೆ. ಬಿಡಿಸಿದ್ದಕ್ಕೆ ಯಾರು ಕೊಡುತ್ತಾರೆ ಸಾರ್ ಅಂತ ಅಂಗಡಿಯವರು ಕೇಳುತ್ತಾರೆ, ಕೇಳುವುದು ಸರಿಯೇ. ಬಿಲ್ಲಿನಲ್ಲಿ ಪ್ರಿಂಟಿಂಗ್ ಒಂದು ಸಾಲು, ಚಿತ್ರ ಬಿಡಿಸಿದ್ದು ಇನ್ನೊಂದು ಸಾಲು ಅಂತ ಬೇರೆ ಬೇರೆ ಬರೆಯಿರಿ. ಮೊದಲ ಸಲ ಗಿರಾಕಿ ಚೌಕಾಸಿ ಮಾಡುತ್ತಾನೆ, ಆ ಸಾಲು ಅಲ್ಲಿರುವುದು ಮುಖ್ಯ. ಜಾತ್ರೆ ಸಮಿತಿ, ಪಟ್ಟಣ ಪಂಚಾಯಿತಿ, ಸ್ವಸಹಾಯ ಸಂಘದವರು ಸಹ ಚದರ ಅಡಿಯ ಜೊತೆ ಚಿತ್ರಕಾರರ ಕೂಲಿಯನ್ನೂ ಸೇರಿಸಿ ದರ ಕೇಳಲಿ. ಒಂದು ಸಲ ಬಿಡಿಸಿದ ತೇರು ಮುಂದಿನ ವರ್ಷವೂ ಬರುತ್ತದೆ, ಹೊಸ ಖರ್ಚಿಲ್ಲ.

ಕೂರಿಗೆ, ಕುಂಟೆ, ಬೂದಿಗುಡ್ಡ, ಕುರುಗೋಡಿನ ದೊಡ್ಡ ಬಸವಣ್ಣನಂಥ ಎಲ್ಲರಿಗೂ ಸೇರಿದ ಚಿತ್ರಗಳನ್ನಾದರೂ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ, ಅಲ್ಲಿ ಇಂಕ್‌ಸ್ಕೇಪಿನ ಎಸ್‌ವಿಜಿ ಫೈಲನ್ನೇ ಏರಿಸಬಹುದು. ಹೆಸರು ನಿಮ್ಮದೇ ಇರುತ್ತದೆ, ಯಾರು ಬೇಕಾದರೂ ಬಳಸಿಕೊಳ್ಳಬಹುದು. ವಿವರದ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: ಮೂರು ತಾಳಿನ ಕೂರಿಗೆ, ಕುಡತಿನಿ, ಬಳ್ಳಾರಿ ಜಿಲ್ಲೆ. ಬಟ್ಟಲು ಎಷ್ಟು ಎತ್ತರ ಇರಬೇಕು ಅಂತ ಹೇಳಿಕೊಟ್ಟವರು ಯಾರು ಅನ್ನುವುದನ್ನೂ, ಅವರು ಒಪ್ಪಿದರೆ, ಸೇರಿಸಿ.